ಎರಡು ಬೆರಳು ಒಳಗೆ

ಬನಹಟ್ಟಿಯ ಓಣಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಪುಟ ಜೋಡಿಸುವುದು ನನ್ನ ಕೆಲಸ. ಹೆಚ್ಚಾಗಿ ಲಗ್ನಪತ್ರಿಕೆ, ಅಪರೂಪಕ್ಕೊಂದು ಪುಸ್ತಕ. ಮೊದಲು ಈ ಕೋಣೆಯಲ್ಲಿ ನಾವಿಬ್ಬರಿದ್ದೆವು. ಜೊತೆಗಿದ್ದವಳು ಗಂಡನೊಂದಿಗೆ ಸೊಲ್ಲಾಪುರಕ್ಕೆ ಹೋದಳು. ಮಾಲೀಕರು ಅಚ್ಚಿನ ಯಂತ್ರವನ್ನು ಮಹಾಲಿಂಗಪುರಕ್ಕೆ ಸಾಗಿಸಿದರು. ಈಗ ಕೆಲಸ ವಾಟ್ಸಾಪಿನಲ್ಲಿ ಬಂದು ವಾಟ್ಸಾಪಿನಲ್ಲೇ ಹೋಗುತ್ತದೆ. ಎರಡೂ ಬದಿಯ ಮನೆಗಳಲ್ಲಿ ಪವರ್‌ಲೂಮ್ ಮಗ್ಗಗಳು ಬಡಿಯುತ್ತಿರುತ್ತವೆ. ಎಷ್ಟೋ ದಿನ, ಬೆಳಗ್ಗೆ ಬೀಗ ತೆಗೆದವಳು ಸಂಜೆ ಬೀಗ ಹಾಕುವವರೆಗೆ ಯಾರೊಡನೆಯೂ ಒಂದು ಮಾತು ಆಡಿರುವುದಿಲ್ಲ.

ಹೋದ ವರ್ಷ ಒಂದು ಮಂಗಳವಾರ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಅಜ್ಜರೊಬ್ಬರು ಬಾಗಿಲಲ್ಲಿ ನಿಂತರು. ಹೊಳೆಯ ದಂಡೆಯ ಅನಗವಾಡಿಯವರು. ಬೀಳಗಿ, ಜಮಖಂಡಿ ದಾಟಿ, ಬಸ್ಸು ಬದಲಿಸಿ ಬಂದಿದ್ದರು. ಕುರಿ ಕಾಯುತ್ತ ಕಲಿತ ಬೀರೇಶ್ವರನ ಹಾಡುಗಳನ್ನೆಲ್ಲ ಬರೆದಿಟ್ಟಿದ್ದರು. ಅದನ್ನು ಬೇರೆ ಯಾರೋ ಟೈಪ್ ಮಾಡಿಕೊಟ್ಟಿದ್ದರು, ಪುಟ ಜೋಡಿಸಲು ಮಾಲೀಕರು ನನಗೆ ಕಳಿಸಿದ್ದರು. ಮೊದಲ ಪ್ರತಿ ನೋಡಿ ಅಜ್ಜರು ಒಪ್ಪಿರಲಿಲ್ಲ.

"ಯವ್ವಾ, ಈ ಸಾಲು ಮುಂದಿನಾಂವ ಹಾಡೂದು," ಅಂದರು ಹಾಳೆಯ ಮೇಲೆ ಬೆರಳಿಟ್ಟು. "ಇದು ಹಿಂದಿನವ್ರು ಹಿಡಿಯೂದು. ಅದು ಎರಡ ಬೆರಳ ಒಳಗ ನಿಂದರಬೇಕು. ಇಲ್ಲಿ ನೋಡು, ಒಂದು ಒಳಗ, ಒಂದು ಹೊರಗ. ಹಾಡವ್ರಿಗಿ ಹ್ಯಾಂಗ ಗೊತ್ತಾಗಬೇಕು?"

ತಪ್ಪು ಎಲ್ಲಿದೆಯೆಂದು ನೋಡಿದ ಕೂಡಲೇ ತಿಳಿಯಿತು. ಟೈಪ್ ಮಾಡಿದವರು ಸಾಲನ್ನು ಒಳಗೆ ತಳ್ಳಲು ಸ್ಪೇಸ್ ಒತ್ತುತ್ತ ಹೋಗಿದ್ದರು. ಪುಟದ ಎರಡೂ ಅಂಚು ಸಮ ಮಾಡಿದಾಗ ಸಾಫ್ಟ್‌ವೇರ್ ಆ ಖಾಲಿ ಜಾಗಗಳನ್ನು ಒಂದೊಂದು ಸಾಲಿನಲ್ಲಿ ಒಂದೊಂದು ಥರ ಹಿಗ್ಗಿಸಿತ್ತು. ಸ್ಪೇಸ್‌ಗಳನ್ನೆಲ್ಲ ತೆಗೆದು, ಹಿಮ್ಮೇಳದ ಸಾಲುಗಳಿಗೆಂದೇ ಒಂದು ಸ್ಟೈಲ್, ಅಂದರೆ ಎಲ್ಲ ಕಡೆ ತಾನಾಗಿ ಒಂದೇ ಥರ ಕೂರಿಸುವ ನಿಯಮ, ಮಾಡಿ ಅಂತರ ಗೊತ್ತುಮಾಡಿದ್ದರೆ ಇಡೀ ಪುಸ್ತಕ ಒಂದೇ ಮಧ್ಯಾಹ್ನದಲ್ಲಿ ಸರಿಹೋಗುತ್ತಿತ್ತು.

ಅಜ್ಜರು ಖಾಲಿ ಕುರ್ಚಿಯಲ್ಲಿ ಕುಳಿತರು. ಯಾವ ಸಾಲು ಯಾರದೆಂದು ಹೇಳಲು ಸಣ್ಣ ದನಿಯಲ್ಲಿ ಹಾಡಿದರು. ಹಾಡಿನ ನಡುವೆ ನಿಲ್ಲಿಸಿ, ಅದನ್ನು ಕಲಿತದ್ದು ಯಾವ ಊರಿನ ಹೊಲದಲ್ಲಿ ಕುರಿ ನಿಲ್ಲಿಸಿದ್ದಾಗ ಎಂದು ಹೇಳಿದರು. ನಾನು ಚಹಾ ತರಿಸಿದೆ. ಒಂದೊಂದೇ ಸಾಲನ್ನು ಕೈಯಿಂದ ಸರಿಸುತ್ತ ಕುಳಿತೆ. ಸಂಜೆಗೆ ಆದದ್ದು ನಾಲ್ಕು ಪುಟ.

"ಉಳದದ್ದು ಮುಂದಿನ ಮಂಗಳವಾರ ನೋಡೂಣ್ರಿ, ಅಜ್ಜಾರ," ಅಂದೆ.

ಹೀಗೆ ಏಳೆಂಟು ಮಂಗಳವಾರ ಕಳೆದವು. ಆ ದಿನ ನಾನು ಬುತ್ತಿಗೆ ಎರಡು ರೊಟ್ಟಿ ಹೆಚ್ಚು ಕಟ್ಟಿಕೊಳ್ಳುತ್ತಿದ್ದೆ. ಉಳಿದ ದಿನಗಳಲ್ಲಿ ಆ ಕಡತವನ್ನು ತೆರೆಯುತ್ತಲೇ ಇರಲಿಲ್ಲ. ತೆರೆದರೆ ಕೆಲಸ ಮುಗಿದುಬಿಡುತ್ತಿತ್ತು.

ಒಂದು ಮಂಗಳವಾರ ಅವರು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

"ಮಣಕಾಲ ಹಿಡದೈತಿ. ಬಸ್ಸಿನ್ಯಾಗ ಜಮಖಂಡಿ ತನಕಾ ನಿಂತ ಬಂದೆ."

ಅದೇ ಹೊತ್ತಿಗೆ ಮಾಲೀಕರ ಫೋನ್ ಬಂತು. ಪುಸ್ತಕದ ಅಳತೆ ಸಣ್ಣದು ಮಾಡಬೇಕಂತೆ. ಅಳತೆ ಬದಲಿಸಿದೆ. ಕೈಯಿಂದ ಸರಿಸಿದ್ದ ಸಾಲುಗಳೆಲ್ಲ ಮುರಿದು ಕೆಳಗಿನ ಸಾಲಿಗೆ ಬಿದ್ದವು. ಮುಂದಿನವನ ಮಾತು ಹಿಂದಿನವರ ಮಾತಿನಲ್ಲಿ ಸೇರಿಹೋಯಿತು. ಅಜ್ಜರು ಪರದೆ ನೋಡುತ್ತ, ಮೊಣಕಾಲು ಒತ್ತಿಕೊಳ್ಳುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಅಜ್ಜಾರ, ಇದನ್ನ ಮೊದಲನೇ ದಿನಾನ ಮುಗಸಬಹುದಿತ್ರಿ. ಬ್ಯಾರೆ ರೀತಿ ಐತಿ. ನನಗ ಗೊತ್ತಿತ್ತು."

"ಮತ್ಯಾಕ ಮುಗಸಲಿಲ್ಲ?"

"ಇಲ್ಲಿ ಮಾತಾಡಾಕ ಯಾರೂ ಇರೂದಿಲ್ರಿ."

ಪಕ್ಕದ ಮನೆಯ ಪವರ್‌ಲೂಮ್ ಬಡಿಯುತ್ತಲೇ ಇತ್ತು. ಅಜ್ಜರು ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದರು.

"ಹಂಗಂದಿದ್ರ ಸುಮ್ನ ಬಂದು ಕುಂದರತಿದ್ದೆನಲ್ಲವ್ವಾ. ಹಾಡು ಯಾಕ ಕಾಯಿಸಿದಿ? ಊರಾಗ ನನ್ನ ಜೋಡಿ ಹಾಡವ್ರು ಪುಸ್ತಕಾ ಯಾವಾಗ ಬರತೈತಿ ಅಂತ ದಿನಾ ಕೇಳತಾರ."

ಎದ್ದು ನೀರು ಕೊಟ್ಟೆ. ನಂತರ ಸ್ಪೇಸ್‌ಗಳನ್ನೆಲ್ಲ ಒಮ್ಮೆಗೇ ತೆಗೆದು, ಸ್ಟೈಲ್ ಮಾಡಿ, ಹಿಮ್ಮೇಳದ ಸಾಲುಗಳಿಗೆ ಹಚ್ಚುತ್ತ ಹೋದೆ. ಅವರು ಪಕ್ಕದಲ್ಲಿ ಕುಳಿತು, "ಇದು ಹಿಂದಿನವ್ರದು, ಇದೂ ಹಿಂದಿನವ್ರದು," ಎನ್ನುತ್ತಿದ್ದರು. ಆ ದಿನ ಹಾಡಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಕೊನೆಯ ಪುಟವೂ ಮುಗಿಯಿತು. ಮೇಜಿನ ಪ್ರಿಂಟರಿನಲ್ಲಿ ಹಾಳೆ ತೆಗೆದು ಕೊಟ್ಟಾಗ ಅಂಚಿನಿಂದ ಬೆರಳಿಟ್ಟು ಅಳೆದರು.

"ಈಗ ಛಲೋ ಆತು," ಅಂದರು. ಅವರನ್ನು ಬಸ್ ನಿಲ್ದಾಣದವರೆಗೆ ಆಟೋದಲ್ಲಿ ಕರೆದೊಯ್ದು, ಕಂಡಕ್ಟರಿಗೆ ಹೇಳಿ ಕಿಟಕಿಯ ಬದಿ ಕೂರಿಸಿ ಬಂದೆ.

ಪುಸ್ತಕ ಅಚ್ಚಾಯಿತು. ಅಜ್ಜರು ಪ್ರತಿಗಳನ್ನು ಮಹಾಲಿಂಗಪುರದಿಂದಲೇ ಒಯ್ದರೆಂದು ಮಾಲೀಕರು ತಿಳಿಸಿದರು. ಬನಹಟ್ಟಿಗೆ ಬರುವ ಕಾರಣ ಅವರಿಗೆ ಇರಲಿಲ್ಲ. ನನಗೆಂದು ಒಂದು ಪ್ರತಿಯನ್ನು ಮಾಲೀಕರ ಹತ್ತಿರ ಕೊಟ್ಟುಹೋಗಿದ್ದರು. ಒಳಗೆ ಏನನ್ನೂ ಬರೆದಿರಲಿಲ್ಲ.

ಈಗ ಮುಧೋಳದ ಶಾಲೆಯೊಂದರ ವಾರ್ಷಿಕ ಸಂಚಿಕೆ ಬಂದಿದೆ. ಮೊದಲ ದಿನವೇ ಸ್ಟೈಲ್‌ಗಳನ್ನು ಮಾಡಿಕೊಂಡೆ, ಕೆಲಸ ಬೇಗ ಸಾಗುತ್ತಿದೆ. ಅಜ್ಜರ ಫೋನ್ ನಂಬರು ನನ್ನ ಹತ್ತಿರ ಇದೆ. ಮಂಗಳವಾರ ಬಂದಾಗ ಒಮ್ಮೊಮ್ಮೆ ತೆಗೆದು ನೋಡುತ್ತೇನೆ. ಕರೆದರೆ ಅವರು ಸುಮ್ಮನೆ ಬಂದು ಕೂರುತ್ತಾರೆಂದು ಗೊತ್ತು. ಆದರೆ ಕೆಲಸವಿಲ್ಲದೆ ಒಬ್ಬರಿಗೆ ಫೋನ್ ಮಾಡಿ ಮೊದಲ ಮಾತು ಏನು ಆಡಬೇಕೆಂದು ಗೊತ್ತಾಗುವುದಿಲ್ಲ. ಇನ್ನೂ ಮಾಡಿಲ್ಲ.