ನಾಸಿಕದಲ್ಲಿ ನಾನು ಒತ್ತದೆ ಬಿಟ್ಟ ಬಟನ್

ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ಎರಡನೆಯ ವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಯಾತ್ರೆಯ ಬುತ್ತಿಗೆಂದು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಹದಿನಾಲ್ಕು ಹೆಂಗಸರು, ಐದು ದಿನ, ತಲೆಗೆ ದಿನಕ್ಕೆ ಮೂರರಂತೆ ಇನ್ನೂರಾ ಹತ್ತು ರೊಟ್ಟಿ. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಅಷ್ಟರಲ್ಲಿ ಪಕ್ಕದ ಲೈನಿನ ನೀಲವ್ವ ಬಂದು ಹೊಸ್ತಿಲ ಮೇಲೆ ನಿಂತಳು.

"ರೇಣಕ್ಕಾ, ಒಂದು ಸುದ್ದಿ ಹೇಳಬೇಕು. ಸಿಟ್ಟಿಗೇಳಬ್ಯಾಡ."

"ಸಿಟ್ಟಿಗೆದ್ರ ರೊಟ್ಟಿ ಹರೀತೈತಿ. ಹೇಳು."

"ಈ ಸಲ ಮುಂದಿನ ಸೀಟಿನ್ಯಾಗ ಸುನಂದಾ ಕುಂದರ್ತಾಳ. ಆಕೀ ಕಡೆ ದಾರಿ ತೋರಸೂ ಮಷೀನ್ ಐತೆಂತ. ಎಲ್ಲಾರೂ ಹೂಂ ಅಂದ್ರು."

"ನೀನೂ ಅಂದೀ?"

"ಎಲ್ಲಾರೂ ಅಂದ ಮ್ಯಾಲ ನಾನೊಬ್ಬಾಕಿ ಹೆಂಗ ಊಹೂಂ ಅನ್ಲಿ?"

ರೊಟ್ಟಿ ಹರಿಯಿತು.

ನನ್ನ ಹುದ್ದೆ ಯಾವುದು ಎಂದು ಮೊದಲು ಹೇಳಬೇಕು. ನಾನು ಗೃಹಿಣಿ. ಮುಂಡಗೋಡ ಕಡೆಯ ಇಂದೂರಿನಿಂದ ಮದುವೆಯಾಗಿ ದಾಂಡೇಲಿಗೆ ಬಂದವಳು. ಯಜಮಾನರು ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದರು. ನಮ್ಮ ಓಣಿಯ ಭಜನಾ ಮಂಡಳಿ ವರ್ಷಕ್ಕೊಮ್ಮೆ ಯಾತ್ರೆ ಹೊರಡುತ್ತದೆ. ಹನ್ನೊಂದು ವರ್ಷ ಅದರ ಬುತ್ತಿ ನನ್ನದು, ದಾರಿಯೂ ನನ್ನದು. ಸಂಬಳವಿಲ್ಲ, ಆದೇಶಪತ್ರವಿಲ್ಲ, ಡ್ರೈವರ್ ಪಕ್ಕದ ಸೀಟು ಒಂದೇ ನನಗಿದ್ದ ಮರ್ಯಾದೆ. ಗೊತ್ತಿಲ್ಲದ ಶಹರಕ್ಕೆ ಹೋದರೆ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೂ ಮಾರುವವಳನ್ನು ಕೇಳುತ್ತಿದ್ದೆ. ಗಂಡಸರನ್ನು ಕೇಳಿದರೆ ಗೊತ್ತಿಲ್ಲದಿದ್ದರೂ ಕೈ ತೋರಿಸುತ್ತಾರೆ. ಹೂ ಮಾರುವವಳು ಗೊತ್ತಿದ್ದರಷ್ಟೇ ಹೇಳುತ್ತಾಳೆ. ಇದು ನನ್ನ ವಿದ್ಯೆ. ಹಿಂದಿನ ವರ್ಷ ಸೊಲ್ಲಾಪುರದಲ್ಲಿ ಈ ವಿದ್ಯೆ ಕೈಕೊಟ್ಟು ಎರಡು ತಾಸು ಒಂದೇ ಸರ್ಕಲ್ ಸುತ್ತಿದೆವು. ಅದನ್ನು ನಾನು ಮರೆತಿದ್ದೆ. ಮಂಡಳಿ ಮರೆತಿರಲಿಲ್ಲ.

ಸುನಂದಾ ನನಗಿಂತ ಇಪ್ಪತ್ತು ವರ್ಷ ಸಣ್ಣವಳು. ತವರು ಜೋಯಿಡಾ ತಾಲೂಕಿನ ಕುಂಬಾರವಾಡ, ಮನೆಮಾತು ಕೊಂಕಣಿ. ಗಂಡ ಜಮೀನು ಅಳೆಯುವ ಗುತ್ತಿಗೆದಾರನ ಹತ್ತಿರ ಕೆಲಸಕ್ಕಿದ್ದಾನೆ. ಆ ಕಾಡಿನಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲವೆಂದು ಅಳತೆಯವರು ಕೈಯಲ್ಲಿ ಹಿಡಿಯುವ ಜಿಪಿಎಸ್ ಇಟ್ಟುಕೊಳ್ಳುತ್ತಾರೆ. ಹೊಸದು ಬಂದಾಗ ಹಳೆಯದು ಇವಳ ಮನೆಗೆ ಬಂತು. ದಪ್ಪ ಮೊಬೈಲಿನಂತೆ ಕಾಣುತ್ತದೆ. ಸಿಮ್ ಬೇಡ, ಎರಡು ಪೆನ್ಸಿಲ್ ಸೆಲ್ ಸಾಕು. ಆಕಾಶದ ಉಪಗ್ರಹಗಳಿಂದ ತಾನು ನಿಂತ ಜಾಗ ತಿಳಿದುಕೊಳ್ಳುತ್ತದೆ. ಒಂದು ಜಾಗದಲ್ಲಿ ನಿಂತು ಬಟನ್ ಒತ್ತಿ ಹಿಡಿದರೆ ಆ ಜಾಗದ ಗುರುತು ಉಳಿಯುತ್ತದೆ. ಆಮೇಲೆ ಎಲ್ಲಿಗೆ ಹೋದರೂ ಒಂದು ಬಾಣ ಅದೇ ದಿಕ್ಕಿಗೆ ತಿರುಗಿ, ಇನ್ನೆಷ್ಟು ಮೀಟರ್ ಎಂದು ತೋರಿಸುತ್ತದೆ. ಗುಡಿಗಳ ಗುರುತುಗಳನ್ನು ಗಂಡ ಮೊದಲೇ ತುಂಬಿ ಕೊಟ್ಟಿದ್ದ.

ಹೊರಡುವ ದಿನ ಹಳಿಯಾಳದಿಂದ ಡ್ರೈವರ್ ರಫೀಕ ತನ್ನ ಟೆಂಪೊ ಟ್ರಾವೆಲರ್ ತಂದ. ಅವನದೂ ನಮ್ಮೆಲ್ಲರಂತೆ ನಕಾಶೆಯಿಲ್ಲದ ಸಾದಾ ಫೋನ್. ಗಾಡಿಗೆ ಪೂಜೆ ಮಾಡುವಾಗ ನೀಲವ್ವ, "ಮಷೀನಿಗೂ ಒಂದು ಬಟ್ಟು ಕುಂಕುಮ ಹಚ್ಚವಾ, ದಾರಿ ತೋರಸೂದು ಅದ ಅಲ್ಲ?" ಎಂದಳು. ಆರತಿ ತಟ್ಟೆ ನನ್ನ ಕೈಯಲ್ಲಿತ್ತು. ನನ್ನ ಸೀಟು ಕಿತ್ತುಕೊಂಡ ವಸ್ತುವಿಗೆ ನನ್ನ ಬೆರಳಿನಿಂದಲೇ ಕುಂಕುಮ ಹಚ್ಚಿದೆ. ಬೇಕೆಂದೇ ಅದರ ಪರದೆಯ ಗಾಜಿನ ಮೇಲೆ ಹಚ್ಚಿದೆ. ಸುನಂದಾ ನಕ್ಕು ಸೆರಗಿನಿಂದ ಒರೆಸಿಕೊಂಡಳು.

ಪಂಢರಪುರದಲ್ಲಿ ದಾರಿ ತಪ್ಪಲಿಲ್ಲ, ತುಳಜಾಪುರದಲ್ಲೂ ತಪ್ಪಲಿಲ್ಲ. "ಬಾಣ ಎಡಕ್ಕ ತಿರಗೇತಿ ರಫೀಕಣ್ಣ," ಅನ್ನುತ್ತಿದ್ದಳು ಸುನಂದಾ. ಅವನು ಮರುಮಾತಿಲ್ಲದೆ ತಿರುಗಿಸುತ್ತಿದ್ದ. ನನಗೆ ಹನ್ನೊಂದು ವರ್ಷ, "ಖರೇ ಏನ್ರಿ ಬಾಯಿ? ಇನ್ನೊಬ್ರನ್ನ ಕೇಳೂಣು," ಅನ್ನುತ್ತಿದ್ದವನು. ನಾನು ಕೊನೆಯ ಸೀಟಿನಲ್ಲಿ ಬುತ್ತಿಯ ಬುಟ್ಟಿ ಕಾಲಡಿ ಇಟ್ಟುಕೊಂಡು ಕುಳಿತಿದ್ದೆ. ಉಳಿದವರು ಭಜನೆ ಹೇಳುತ್ತಿದ್ದರು. ನನ್ನ ಬಾಯಿ ಆಡುತ್ತಿತ್ತು, ಮನಸ್ಸು ಬೇರೆ ಬೇಡುತ್ತಿತ್ತು: ದೇವರೇ, ಒಂದೇ ಒಂದು ಸಲ ಇವಳ ದಾರಿ ತಪ್ಪಿಸು. ಯಾರಿಗೂ ಏನೂ ಆಗುವುದು ಬೇಡ, ನಾಲ್ಕು ಜನರೆದುರು ತಪ್ಪಿದರೆ ಸಾಕು.

ಮೂರನೆಯ ದಿನ ಬೆಳಿಗ್ಗೆ ಎಂಟೂವರೆಗೆ ನಾಸಿಕ ಮುಟ್ಟಿದೆವು. ನಮ್ಮಲ್ಲಿ ಯಾರೂ ಕಂಡ ಊರಲ್ಲ. ನದಿಯ ಹತ್ತಿರ ಒಂದು ಬಯಲಿನಲ್ಲಿ ಗಾಡಿ ನಿಂತಿತು. ಸುನಂದಾ ಇಳಿದವಳೇ ಗುರುತು ಒತ್ತಿದಳು. ಅವಳ ಅತ್ತೆ ಸಾವಂತ್ರವ್ವನಿಗೆ ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ, ಮೊಣಕಾಲು ನೋವು, ರಾಮನ ಗುಡಿಯ ಸರದಿಯಲ್ಲಿ ನಿಲ್ಲಲಾರರು. ಅವರು ಗಾಡಿಯಲ್ಲೇ ಇರುವುದೆಂದಾಯಿತು. ಒಂಬತ್ತೂಕಾಲಿಗೆ ಸುನಂದಾ ಅವರಿಗೆ ಇನ್ಸುಲಿನ್ ಸೂಜಿ ಚುಚ್ಚಿ ಉಪ್ಪಿಟ್ಟು ತಿನ್ನಿಸಿದಳು. ಅವರು ಅರ್ಧಕ್ಕೇ ಸಾಕೆಂದರು.

"ಅಕ್ಕಾರ, ಹನ್ನೆರಡೂವರಿಗೆ ಅತ್ತಿ ಉಣ್ಣಲೇಬೇಕ್ರಿ, ಇಲ್ಲಂದ್ರ ಸಕ್ಕರಿ ಇಳದ್ಬಿಡತೈತಿ. ಅವರ ಪಾಲಿನ ರೊಟ್ಟಿ ಗಾಡಿಯೊಳಗ ಇಟ್ಟ ಬರ್ರಿ," ಎಂದಳು.

"ನನಗ ಹೇಳಿಕೊಡ್ತೀಯೇನ? ಹನ್ನೊಂದು ವರ್ಷ ಬುತ್ತಿ ಕಟ್ಟೇನಿ," ಎಂದೆ.

ಅವಳು ಸರದಿ ಹಿಡಿಯಲು ಹನ್ನೊಂದು ಜನರನ್ನು ಕರೆದುಕೊಂಡು ಹೊರಡುವಷ್ಟರಲ್ಲಿ ಒಬ್ಬ ಪೊಲೀಸ್ ಬಂದು ಗಾಡಿ ತೆಗೆಯಿರಿ, ಬೇರೆ ಬಯಲಿಗೆ ಹಚ್ಚಿರಿ ಎಂದ. ಆಗ ಸುನಂದಾ ಜಿಪಿಎಸ್ಸನ್ನು ನನ್ನ ಕೈಗೆ ಕೊಟ್ಟಳು. "ಹೊಸಾ ಜಾಗಾದಾಗ ಗಾಡಿ ನಿಂತ ಮ್ಯಾಲ ಈ ಬಟನ್ ಒತ್ತಿ ಹಿಡೀರಿ. ಟಿಣ್ ಅಂತೈತಿ. ಅಷ್ಟ."

ಗಾಡಿ ನಾಲ್ಕಾರು ಓಣಿ ತಿರುಗಿ ಇನ್ನೊಂದು ಬಯಲಿನಲ್ಲಿ ನಿಂತಿತು. ನಾನು ಬುಟ್ಟಿ ಜೋಡಿಸುತ್ತಿದ್ದೆನಾದ್ದರಿಂದ ದಾರಿ ನೋಡಲಿಲ್ಲ. ರಫೀಕ ಇಡೀ ರಾತ್ರಿ ಗಾಡಿ ಹೊಡೆದಿದ್ದ. ಸ್ನಾನ ಮಾಡಿ ಎಲ್ಲಾದರೂ ನೆರಳಿಗೆ ಬೀಳುತ್ತೇನೆಂದು ಹೋದ. ಮಲಗುವಾಗ ಫೋನ್ ಆರಿಸುವುದು ಅವನ ರೂಢಿ. ಸಾವಂತ್ರವ್ವ ಕಿಟಕಿ ತೆರೆದುಕೊಂಡು ಹಿಂದಿನ ಸೀಟಿನಲ್ಲಿ ಅಡ್ಡಾದರು. ನಾನು ಕೆಳಗಿಳಿದು ಹೆಬ್ಬೆರಳನ್ನು ಬಟನ್ ಮೇಲಿಟ್ಟೆ.

ಒತ್ತಲಿಲ್ಲ.

ಮಧ್ಯಾಹ್ನ ಬಾಣ ಹಳೆಯ ಬಯಲಿಗೇ ಕರೆದೊಯ್ಯುತ್ತದೆ, ಗಾಡಿ ಇರುವುದಿಲ್ಲ, ಎಲ್ಲರೂ ಮುಖ ಮುಖ ನೋಡುತ್ತಾರೆ, ಆಗ ನಾನು "ಬರ್ರಿ ನನ್ನ ಹಿಂದ" ಅನ್ನುತ್ತೇನೆ. ಹತ್ತು ನಿಮಿಷದ ಆಟ. ಅದನ್ನೇ ಮನಸ್ಸಿನಲ್ಲಿ ಆಡುತ್ತ, ಯಂತ್ರವನ್ನು ಬುಟ್ಟಿಯಲ್ಲಿ ತುರುಕಿ ಗುಡಿಯ ದಾರಿ ಹಿಡಿದೆ. ಮೂಲೆಯಲ್ಲಿ ಪೇರಲ ಹಣ್ಣಿನ ತಳ್ಳುಗಾಡಿ ಇತ್ತು. ಅದನ್ನು ಗುರುತು ಮಾಡಿಕೊಂಡೆ. ಮುಂದೆ ಹೂ ಮಾರುವವಳನ್ನು ಕೇಳಿಕೊಂಡು ಹೋಗಿ ಇವರನ್ನು ಕೂಡಿಕೊಂಡೆ.

"ಗುರ್ತಾ ಒತ್ತೀರೇನ್ರಿ ಅಕ್ಕಾರ?"

"ಒತ್ತೇನವಾ."

ಗುಡಿಯ ಮೆಟ್ಟಿಲ ಮೇಲೆ ನಿಂತು ಸುಳ್ಳು ಹೇಳಿ, ಯಂತ್ರವನ್ನು ಅವಳ ಕೈಗೆ ಕೊಟ್ಟೆ. ದರ್ಶನವಾಗಿ ಹೊರಗೆ ಬರುವಾಗ ಒಂದು ಗಂಟೆ ಹತ್ತು ನಿಮಿಷ. ಅಂದುಕೊಂಡದ್ದಕ್ಕಿಂತ ಒಂದು ತಾಸು ಹೆಚ್ಚು. ಬಾಣ ಹಿಡಿದು ನಡೆದೆವು. ಐನೂರು, ಮುನ್ನೂರು, ಐವತ್ತು, ಆರು ಮೀಟರ್. ಬಯಲಿನಲ್ಲಿ ಯಾರದೋ ಎರಡು ಲಾರಿ ನಿಂತಿದ್ದವು.

ನೀಲವ್ವ ತಕ್ಷಣ ಶುರು ಮಾಡಿದಳು. "ಏನವಾ ಸುನಂದಾ, ನಿನ್ನ ಮಷೀನ್ ಲಾರಿ ಯಾತ್ರಾ ಮಾಡಸ್ತೈತೇನು?"

ಮೂರು ದಿನ ಕಾದಿದ್ದ ಮಾತು ಅದು. ಬೆಲ್ಲದಷ್ಟು ಸಿಹಿಯಾಗಿತ್ತು. "ಬರ್ರಿ ನನ್ನ ಹಿಂದ," ಎಂದೆ. ಒಂದು ಓಣಿ ಹೋದೆ, ಎರಡು ಹೋದೆ. ಪೇರಲ ಗಾಡಿ ಕಾಣಲಿಲ್ಲ. ಚಕ್ರವಿದ್ದ ಗಾಡಿ ಮೂರೂವರೆ ತಾಸು ಅಲ್ಲೇ ಏಕೆ ನಿಂತೀತು? ಹೂ ಮಾರುವ ಇಬ್ಬರನ್ನು, ಬಳೆ ಅಂಗಡಿಯವಳೊಬ್ಬಳನ್ನು, ನನ್ನ ಹರಕು ಮರಾಠಿಯಲ್ಲಿ ಗಾಡಿ ನಿಲ್ಲಿಸುವ ಬಯಲು ಎಲ್ಲಿ ಎಂದು ಕೇಳಿದೆ. ಮೂವರೂ ಮೂರು ಬಯಲು ಹೇಳಿದರು. ಮೂವರೂ ಹೇಳಿದ್ದು ಖರೆಯೇ. ಆ ಊರಿನಲ್ಲಿ ಬಯಲು ಬೇಕಾದಷ್ಟಿವೆ. ಇಪ್ಪತ್ತು ನಿಮಿಷ ಸುತ್ತಿ, ಲಾರಿಗಳ ಹತ್ತಿರವೇ ಬಂದು ನಿಂತೆವು. ರಫೀಕನ ಫೋನ್ ಆರಿಸಿಯೇ ಇತ್ತು, ಸಾವಂತ್ರವ್ವನ ಹತ್ತಿರ ಫೋನೇ ಇರಲಿಲ್ಲ.

ಸುನಂದಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಇರ್ಲಿ ಅಕ್ಕಾರ. ಅತ್ತಿ ಉಂಡಿರ್ತಾರಲ್ಲ, ತಡಾ ಆದ್ರೂ ಚಿಂತಿಲ್ಲ. ರೊಟ್ಟಿ ತಗದಿಟ್ಟೀರಲ್ರಿ?"

ನಾನು ಬುಟ್ಟಿಯ ಮೇಲಿನ ಬಟ್ಟೆ ಸರಿಸಿದೆ. ಪ್ರತಿ ಹೊತ್ತಿನ ಬುತ್ತಿಯನ್ನು ತಲೆಗೊಂದರಂತೆ ಗಂಟು ಕಟ್ಟುವುದು ನನ್ನ ಪದ್ಧತಿ. ಗಂಟು ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.

ಹದಿನಾಲ್ಕೂ ಅಲ್ಲೇ ಇದ್ದವು.

ಹನ್ನೊಂದು ವರ್ಷದಲ್ಲಿ ದಾರಿ ತಪ್ಪಿದ್ದೇನೆ, ಉಪ್ಪು ಹೆಚ್ಚು ಹಾಕಿದ್ದೇನೆ. ಒಬ್ಬರ ಊಟ ಮರೆತಿರಲಿಲ್ಲ. ಸುನಂದಾಳ ಕೈ ಹಿಡಿದು ಲಾರಿಯ ಮರೆಗೆ ಎಳೆದುಕೊಂಡು ಹೋದೆ. "ತಂಗಿ, ನಾ ಬಟನ್ ಒತ್ತಿಲ್ಲ. ಬೇಕಂತನ ಒತ್ತಿಲ್ಲ. ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ. ಅತ್ತಿಗೆ ರೊಟ್ಟಿನೂ ಇಟ್ಟಿಲ್ಲ."

ಅವಳು ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ಕೇಳಿದ್ದು ಬೇರೆ.

"ಮಷೀನ್ ಆರಿಸಿದ್ರೇನು?"

"ಹೆಂಗ ಆರಸೂದು ಅಂತ ನನಗೆಲ್ಲಿ ಗೊತ್ತೈತಿ?"

"ದೇವರು ದೊಡ್ಡಾವ," ಎಂದಳು ಸುನಂದಾ. "ಒತ್ತದಿದ್ರೂ ಅದು ನಡದ ದಾರಿ ತಾನ ಬರಕೋತೈತ್ರಿ. ಒತ್ತೀರಿ ಅಂದ್ರಲ್ಲ ಅಂತ ನಾ ನೋಡಲೇ ಇಲ್ಲ."

ಅದಕ್ಕೆ ಟ್ರ್ಯಾಕ್ ಎನ್ನುತ್ತಾರಂತೆ. ಯಂತ್ರ ಚಾಲೂ ಇದ್ದಷ್ಟು ಹೊತ್ತು ಅದನ್ನು ಹಿಡಿದವರು ಎಲ್ಲೆಲ್ಲಿ ಹೋದರೋ ಅಲ್ಲೆಲ್ಲ ಚುಕ್ಕೆಯ ಗೆರೆ ಬೀಳುತ್ತದೆ. ಗಾಜಿನ ಮೇಲೆ ಈ ಬಯಲಿನಿಂದ ಗಾಡಿ ಹೋದ ದಾರಿಯೂ, ಅಲ್ಲಿಂದ ನನ್ನ ಬೆಳಗಿನ ನಡಿಗೆಯೂ ಪೂರ್ತಿ ಇದ್ದವು. ಕೇಳಿಕೊಂಡು ನೆಟ್ಟಗೆ ಗುಡಿಗೆ ಹೋದೆ ಎಂದುಕೊಂಡಿದ್ದೆನಲ್ಲ, ಒಂದೇ ಓಣಿಯನ್ನು ಎರಡು ಸಲ ಸುತ್ತಿದ್ದು ಬಳೆಯಂತೆ ದುಂಡಗೆ ಕಾಣುತ್ತಿತ್ತು. ಸುನಂದಾ ಅದನ್ನು ನೋಡಿದಳು, ನನ್ನನ್ನು ನೋಡಲಿಲ್ಲ. "ಇದೊಂದು ಸುತ್ತು ಬಿಟ್ಟ ಹೋಗೂಣು," ಎಂದಳು.

ಉಳಿದವರನ್ನು ಅಲ್ಲೇ ನೆರಳಿಗೆ ಕೂಡಿಸಿ ನಾವಿಬ್ಬರೂ ಓಡುನಡಿಗೆಯಲ್ಲಿ ಹೊರಟೆವು. ಗಾಡಿ ಮುಟ್ಟಿದಾಗ ಎರಡು ಗಂಟೆ ಐದು ನಿಮಿಷ. ಸಾವಂತ್ರವ್ವನ ಮೈ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು. ಸೊಸೆಯನ್ನು ನೋಡಿ, "ಯಾರವಾ ನೀ?" ಎಂದರು. ಸುನಂದಾ ಆಗ ಅತ್ತಳು. ನನಗೆ ಅಳಲು ಪುರಸೊತ್ತಿರಲಿಲ್ಲ. ಪ್ರಜ್ಞೆ ಇದೆ, ನುಂಗುತ್ತಾರೆ ಎಂಬುದನ್ನು ಮೊದಲು ನೋಡಿಕೊಂಡೆ. ಬುಟ್ಟಿಯಲ್ಲಿದ್ದ ಬೆಲ್ಲ ಜಜ್ಜಿ, ಲೋಟದ ನೀರಿನಲ್ಲಿ ಕದಡಿ, ಗುಟುಕು ಗುಟುಕಾಗಿ ಕುಡಿಸಿದೆ. ಹದಿನೈದು ನಿಮಿಷಕ್ಕೆ ನಡುಕ ನಿಂತಿತು. ಪಕ್ಕದ ಚಹಾದಂಗಡಿಯಿಂದ ಹಾಲು ತಂದು, ರೊಟ್ಟಿಯನ್ನು ಅದರಲ್ಲಿ ಮುರಿದು ಕೊಟ್ಟೆ. ಅರ್ಧ ಉಂಡ ಮೇಲೆ ಅವರಿಗೆ ಬಾಯಿ ಬಂತು.

"ನಿಮಗ ರಾಮನ ದರ್ಶನ ಆತು. ನನಗ ಯಮನ ದರ್ಶನ ಆಗೂದಿತ್ತು. ಚಟ್ನಿ ಎಲ್ಲೈತಿ?"

ಚಟ್ನಿ ಕೇಳಿದರಲ್ಲ, ಅದಕ್ಕಿಂತ ದೊಡ್ಡ ಪ್ರಸಾದ ನನಗೆ ಯಾವ ಗುಡಿಯಲ್ಲೂ ಸಿಕ್ಕಿಲ್ಲ. ರಫೀಕ ಬಂದ, ಉಳಿದವರನ್ನು ಕರೆತಂದೆವು. ಸಾವಂತ್ರವ್ವನನ್ನು ದವಾಖಾನೆಗೆ ತೋರಿಸಿದೆವು, ಭಯವಿಲ್ಲ ಎಂದರು.

ಸಂಜೆ ಗಾಡಿಯಲ್ಲಿ ನೀಲವ್ವ ಬಿಡಲಿಲ್ಲ. "ಅಲ್ಲವಾ, ಆ ಮಷೀನ್ ಹಂಗ ಹೆಂಗ ತಪ್ಪಿತು?"

ಸುನಂದಾ ಹಿಂದೆ ತಿರುಗದೆ ಹೇಳಿದಳು. "ನಾನ ಹಳೇ ಗುರ್ತಾ ಹಚ್ಚಿ ನೋಡಿದ್ನಿರಿ. ತಪ್ಪು ನಂದ."

ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅಲ್ಲಿಯವರೆಗೆ ಅವಳ ಸೀಟಿನ ಮೇಲೆ, ಯಂತ್ರದ ಮೇಲೆ ಹೊಟ್ಟೆಕಿಚ್ಚಿತ್ತು. ಆ ಸಂಜೆಯಿಂದ ಅವಳ ಗುಣದ ಮೇಲೆ ಹತ್ತಿಕೊಂಡಿತು. ಸೀಟು ಕಸಿದುಕೊಳ್ಳಬಹುದು; ಹಾಗೆ ಒಂದೇ ಉಸಿರಿನಲ್ಲಿ ಬೇರೆಯವರ ತಪ್ಪು ಹೊರುವುದನ್ನು ಎಲ್ಲಿಂದ ಕಸಿಯಲಿ?

ನಾಸಿಕದ ಆ ದಿನ ನನಗೆ ಕಲಿಸಿದ್ದು ಒಂದು ಪದ್ಧತಿ. ಈಗ ಬುತ್ತಿ ಕಟ್ಟುವಾಗ ಮೊದಲ ಗಂಟು ಹಿಂದೆ ಉಳಿಯುವವರದು. ಅದನ್ನು ಅವರ ಕೈಗೇ ಕೊಟ್ಟು, ಪಕ್ಕದಲ್ಲಿ ಒಂದು ಉಂಡೆ ಬೆಲ್ಲ ಇಟ್ಟ ಮೇಲೆಯೇ ಹೊರಟವರ ಗಂಟಿಗೆ ಕೈ ಹಾಕುತ್ತೇನೆ. ಕೈ ಬುಟ್ಟಿಯಲ್ಲಿದ್ದು ಕಣ್ಣು ಇನ್ನೊಬ್ಬರ ಸೀಟಿನ ಮೇಲಿದ್ದರೆ ಯಾರದೋ ಅನ್ನ ತಪ್ಪುತ್ತದೆ. ಹೊಟ್ಟೆಕಿಚ್ಚು ಹೋಯಿತೆಂದು ಮಾತ್ರ ಬರೆಯಲಾರೆ. ಸುಳ್ಳಾಗುತ್ತದೆ.

ಯಾತ್ರೆಯಿಂದ ಬಂದ ಎಂಟನೆಯ ದಿನ ನಾನು ಬುತ್ತಿಯ ಅರಿವೆಗಳನ್ನು ಒಗೆದು ಹಿಂಡುತ್ತಿದ್ದೆ. ನೀಲವ್ವ ಮತ್ತೆ ಬಂದಳು.

"ರೇಣಕ್ಕಾ, ಖುಷಿ ಸುದ್ದಿ. ಮುಂದಿನ ವರ್ಷ ಮುಂದಿನ ಸೀಟು ನಿಂದ. ಆ ಮಷೀನಿನ ಸಂಗ ಸಾಕು ಅಂದ್ರು ಎಲ್ಲಾರೂ."

ಬೇಡಿಕೊಂಡಿದ್ದೆಲ್ಲ ಸಿಕ್ಕಿತ್ತು. ಹಿಂಡುತ್ತಿದ್ದ ಅರಿವೆ ಕೈಯಲ್ಲೇ ಉಳಿಯಿತು.

"ನೀಲವ್ವಾ, ಮಷೀನ್ ತಪ್ಪಿಲ್ಲ. ಸುನಂದಾನೂ ತಪ್ಪಿಲ್ಲ. ಬಟನ್ ಒತ್ತದೆ ಬಿಟ್ಟಾಕಿ ನಾನು. ಬೇಕಂತ ಬಿಟ್ನಿ. ಹೋಗಿ ಎಲ್ಲಾರಿಗೂ ಹೇಳು. ನಿನ್ನಷ್ಟು ಲಗೂ ಹೇಳಾವ್ರು ಈ ಓಣ್ಯಾಗ ಯಾರೂ ಇಲ್ಲ."

ಅಷ್ಟರಲ್ಲಿ ನಳದಲ್ಲಿ ನೀರು ಬಂದ ಸದ್ದಾಯಿತು. ಎರಡು ದಿನಕ್ಕೊಮ್ಮೆ ಬರುವ ನೀರು. ನಾನು ಅರಿವೆ ಬದಿಗಿಟ್ಟು ಕೊಡ ಹಚ್ಚಲು ಎದ್ದೆ.