ವಾಳದ ತಟ್ಟಿಯ ಗದ್ದೆಮ್ಮ

ಗದ್ದೆಮ್ಮನಿಗೆ ಉರ್ದು ಬರುತ್ತಿತ್ತು ಎಂದರೆ ಅದು ಪೂರಾ ಸುಳ್ಳಲ್ಲ, ಪೂರಾ ನಿಜವೂ ಅಲ್ಲ. ಬರುತ್ತಿದ್ದದ್ದು ಹತ್ತು ಹನ್ನೆರಡು ಮಾತು. ಅವನ್ನು ಆಡುವಾಗಿನ ಠೀವಿ ಮಾತ್ರ ಹೈದರಾಬಾದಿನಲ್ಲೇ ಹುಟ್ಟಿದವಳದು. ಹುಟ್ಟಿದ್ದು ದೇವದುರ್ಗದ ಕಡೆಯ ಮಸರಕಲ್ಲಿನಲ್ಲಿ, ಕೊಟ್ಟಿದ್ದು ಮಾನ್ವಿಗೆ. ಗಂಡ ತೀರಿಕೊಂಡ ಮೇಲೆ ಮಗಳು ಯಮನಮ್ಮನನ್ನು ಬಗಲಲ್ಲಿ ಎತ್ತಿಕೊಂಡು ರಾಯಚೂರಿಗೆ ಬಂದು, ಹತ್ತಿ ವ್ಯಾಪಾರಿ ಅಬ್ದುಲ್ ವಹೀದರ ದೊಡ್ಡ ಮನೆಯಲ್ಲಿ ನೀರು ಹೊರುವ ಕೆಲಸಕ್ಕೆ ನಿಂತಳು.

ಬೇಸಿಗೆ ಬಂತೆಂದರೆ ಆ ಮನೆ ಗದ್ದೆಮ್ಮನ ಕೈಯಲ್ಲಿ. ರಾಯಚೂರಿನ ಬಿಸಿಲು ಯಾರ ಮುಲಾಜೂ ನೋಡುವುದಿಲ್ಲ. ಬಾಗಿಲು ಕಿಟಕಿಗೆಲ್ಲ ವಾಳದ, ಅಂದರೆ ಲಾವಂಚದ, ಬೇರಿನ ತಟ್ಟಿ ಕಟ್ಟಿ, ದಿನವಿಡೀ ನೀರು ಚಿಮುಕಿಸುತ್ತಿರಬೇಕು. ತಟ್ಟಿ ಒಣಗಿತೋ, ಒಳಗಿನಿಂದ ವಹೀದರ ಹೆಂಡತಿ ಶಹಜಾದಿ ಬೇಗಂ ಕೂಗುತ್ತಿದ್ದರು: “ಗದ್ದೆಮ್ಮಾ, ತರ್ ಕರೋ!” ತರ್ ಎಂದರೆ ಒದ್ದೆ. ಯಮನಮ್ಮ ತಟ್ಟಿಯ ಬುಡದಲ್ಲಿ ಮೂಗು ಹಚ್ಚಿ ಕೂತು, ಆ ವಾಸನೆಯೇ ಬೇಸಿಗೆ ಅಂದುಕೊಂಡಿದ್ದಳು.

ನಲವತ್ನಾಲ್ಕರ ಚಳಿಗಾಲ. ಒಣಗಾಳಿಗೆ ಎಲ್ಲರ ತುಟಿ ಒಡೆಯುತ್ತಿದ್ದ ದಿನಗಳಲ್ಲಿ, ಆರು ವರ್ಷದ ಯಮನಮ್ಮನಿಗೆ ಒಣಕೆಮ್ಮು ಹತ್ತಿತು. ನಾಯಿ ಬೊಗಳಿದಂಥ ಕೆಮ್ಮು; ಉಸಿರೆಳೆದರೆ ಸೀಟಿ. ದವಾಖಾನೆಯ ಡಾಕ್ಟರು ಔಷಧ ಕೊಟ್ಟು, “ಕಮರೇ ಕಿ ಹವಾ ತರ್ ರಖೋ,” ಕೋಣೆಯ ಗಾಳಿ ತೇವವಾಗಿರಲಿ, ಅಂದರು. ಪಕ್ಕದಲ್ಲಿದ್ದವರು ಬಿಡಿಸಿ ಹೇಳಲು ಬಂದರೆ ಗದ್ದೆಮ್ಮ ತಡೆದಳು.

“ನನಗ ತಿಳೀತದರೀ. ತರ್ ಮಾಡೋದು ನನಗ ಹೇಳಿಕೊಡಬೇಕೇನು?”

ಇಡೀ ಊರಿನಲ್ಲಿ ಆ ಒಂದು ಮಾತನ್ನು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ದೊಡ್ಡ ಮನೆಯವರು ಬಿಸಾಡಿದ್ದ ಹಳೆಯ ತಟ್ಟಿಯೊಂದು ಆಕೆಯ ಹಿತ್ತಲಲ್ಲಿ ಬಚ್ಚಲಿಗೆ ಮರೆಯಾಗಿ ನಿಂತಿತ್ತು. ಅದನ್ನು ತಂದು ಗುಡಿಸಲಿನ ಬಾಗಿಲಿಗೆ ಕಟ್ಟಿ, ಬಾವಿ ನೀರು ಸುರಿದಳು. ಚಳಿಗಾಳಿ ಅದರೊಳಗಿಂದ ನುಗ್ಗಿ ಮನೆಯನ್ನೆಲ್ಲ ಕೊರೆಯಿತು. ಯಮನಮ್ಮ ಕೌದಿಯಿಂದ ಮುಖ ಹೊರಹಾಕಿ ಮೂಸಿದಳು.

“ಯವ್ವಾ, ಬ್ಯಾಸಿಗಿ ಬಂತೇನಬೇ?”

“ಇನ್ನೂ ಇಲ್ಲವ್ವಾ. ಬರತದ. ನೀ ಆರಾಮ ಆಗು.”

ಎರಡು ದಿನ ತಟ್ಟಿ ಒಣಗಲು ಬಿಡಲಿಲ್ಲ. ಮೂರನೆಯ ದಿನ ಮಗುವಿನ ಪಕ್ಕೆ ಒಳಸೇದುತ್ತಿತ್ತು, ಮೈ ಕೆಂಡವಾಗಿತ್ತು. ಗದ್ದೆಮ್ಮ ಕೆಲಸಕ್ಕೆ ಬಾರದ್ದು ನೋಡಿ, ದೊಡ್ಡ ಮನೆಯ ಅಡುಗೆಯ ಲಾಲ್ ಸಾಬ್ ಹುಡುಕಿಕೊಂಡು ಬಂದ. ಬಾಗಿಲಲ್ಲೇ ನಿಂತುಬಿಟ್ಟ.

“ಇದನ್ಯಾಕ ಕಟ್ಟೀದಿ, ತಂಗೀ?”

“ಡಾಕ್ಟರು ಗಾಳಿ ತರ್ ಇಡು ಅಂದಾರ, ಸಾಬಣ್ಣಾ.”

ಲಾಲ್ ಸಾಬ್ ಹಣೆ ಬಡಿದುಕೊಂಡ. “ಬ್ಯಾಸಿಗಿ ತರ್ ಬ್ಯಾರೆ, ಥಂಡಿ ದಿನದ ತರ್ ಬ್ಯಾರೆ, ಯವ್ವಾ! ಬಾಗಿಲಾ ಹಾಕಿ, ಒಲಿ ಮ್ಯಾಲ ನೀರು ಕುದಿಸಾಕ ಇಟ್ಟು ಮುಚ್ಚಳಾ ತಗೀಬೇಕು. ಮನಿ ತುಂಬ ಉಗಿ ಆಡಬೇಕು. ಬೇಗಮ್ಮರ ಕೂಸಿಗೆ ನಾನ ಮಾಡಿದ್ದೆ.”

ತಟ್ಟಿಯನ್ನು ಕಿತ್ತೆಸೆದು ಅವನೇ ಒಲೆ ಹೊತ್ತಿಸಿದ. ಉಗಿ ತುಂಬಿ ಗೋಡೆ ಬೆವರಿತು, ಗುಡಿಸಲು ಬೆಚ್ಚಗಾಯಿತು. ಯಮನಮ್ಮನ ಸೀಟಿ ಸಡಿಲಾಯಿತು. ಒಂದು ತಾಸು ತಾಯಿಯ ತೊಡೆಯ ಮೇಲೆ ಸುಖವಾಗಿ ಮಲಗಿದಳು. ಅಷ್ಟು ಸುಲಭವಿತ್ತು. ಆದರೆ ತಡವಾಗಿತ್ತು, ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು.

ಯಾರೂ ಗದ್ದೆಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಆಕೆಯ ಬಾಯಲ್ಲಿ ಒಂದು ಉರ್ದು ಮಾತೂ ಬರಲಿಲ್ಲ.

ಹೋಳಿ ಕಳೆದು ಬಿಸಿಲೇರಿತು. ಹೊಟ್ಟೆ ಕೇಳಬೇಕಲ್ಲ, ಕೆಲಸಕ್ಕೆ ಹೋದಳು. ಹೊಸ ತಟ್ಟಿ ಕಟ್ಟಿದ್ದರು. ಬೇಗಂ ಕೂಗಲು ಬಾಯಿ ತೆರೆದವರು, ನೆನಪಾಗಿ ಸುಮ್ಮನಾದರು. ಗದ್ದೆಮ್ಮ ತಾನೇ ಮೊದಲ ತಂಬಿಗೆ ನೀರು ಚಿಮುಕಿಸಿದಳು. ವಾಳದ ವಾಸನೆ ಎದ್ದಿತು. ತಟ್ಟಿಯ ಬುಡದಲ್ಲಿ ಮಗಳು ಕೂರುತ್ತಿದ್ದ ಜಾಗದ ಕಡೆ ಬಗ್ಗಿದಳು.

“ಬಂತವ್ವಾ,” ಅಂದಳು. “ಬ್ಯಾಸಿಗಿ ಬಂತು.”