ಗುಜರಿ ಅಂಗಳದಲ್ಲಿ ನಮ್ಮ ಮಾವ

ಆಯುಧಪೂಜೆಯ ದಿನ ಕಾರಿನ ಹಿಂದಿನ ಲೈಟ್ ಕಿತ್ತುಹಾಕಿದವಳು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಗೇಟಿಗೊಂದು, ಕಾರಿಗೊಂದು ಬಾಳೆಕಂದು ಕಟ್ಟಬೇಕಿತ್ತು. ಹಗ್ಗ ತುಂಡು ಮಾಡೋಣ ಎಂದರೆ ಮನೆಯ ಚಾಕು, ಕತ್ತರಿ, ಈಳಿಗೆಮಣೆ ಎಲ್ಲವೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಪೂಜೆಗೆ ಕೂತಿದ್ದವು! ಅವತ್ತು ಅವನ್ನು ಮುಟ್ಟುವ ಹಾಗಿಲ್ಲವಲ್ಲ.

ಸರಿ, ಒಂದೇ ಹಗ್ಗದಲ್ಲಿ ಎರಡನ್ನೂ ಕಟ್ಟಿದೆ. ಒಂದು ತುದಿ ಗೇಟಿನ ಸರಳಿಗೆ, ಇನ್ನೊಂದು ತುದಿ ಕಾರಿನ ಹಿಂದಿನ ಲೈಟಿಗೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮಂಗಳಾರತಿ ಆಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಮಾವ ಕೀ ನನ್ನ ಕೈಗೇ ಕೊಟ್ಟು, ಗಾಡಿ ಮುಂದೆ ಬಿಡಲು ಹೇಳಿದರು.

ಬಿಟ್ಟೆ... ಮುಂದೆ ನಿಂಬೆಹಣ್ಣು ಪಚಕ್ ಅಂದಿತು, ಹಿಂದೆ ಲೈಟು ಫಳಾರ್ ಅಂದಿತು.

ನಮ್ಮದು ಹಳೇ ಅಂಬಾಸಿಡರ್. ಮಾವ ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ಕೊಂಡದ್ದು. ಮದುವೆಯಾಗಿ ಬಂದ ಹೊಸತರಲ್ಲಿ ಶ್ರೀರಾಂಪುರದ ಖಾಲಿ ಸೈಟುಗಳ ಮಧ್ಯೆ ಅವರು ನನಗೆ ಡ್ರೈವಿಂಗ್ ಕಲಿಸಿದ್ದು ಇದರಲ್ಲೇ. ಕ್ಲಚ್ ಬಿಟ್ಟು ಎಷ್ಟು ಸಲ ಗಾಡಿ ಕುಪ್ಪಳಿಸಿದರೂ ಒಂದು ಮಾತು ಬೈದವರಲ್ಲ.

ಅವತ್ತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಎರಡು ದಿನ ಬಿಟ್ಟು ಕಾಫಿ ಕುಡಿಯುತ್ತಾ ಮೆಲ್ಲಗೆ ಅಂದರು, "ಸಾಕು ಕಣಮ್ಮ. ಅದಕ್ಕೂ ವಯಸ್ಸಾಯ್ತು, ನನಗೂ ವಯಸ್ಸಾಯ್ತು. ಗುಜರಿಗೆ ಕೊಟ್ಬುಡೋಣ."

ಹೊಸ ಲೈಟ್ ಹುಡುಕಿಸುತ್ತೇನೆ ಎಂದೆ, ಮೆಕ್ಯಾನಿಕ್ಕನ್ನು ಮನೆಗೇ ಕರೆಸುತ್ತೇನೆ ಎಂದೆ. ಕೇಳಲಿಲ್ಲ. ಇಷ್ಟು ವರ್ಷ ಬಾಳಿದ ಕಾರು ನನ್ನ ಒಂದು ಗಂಟಿನಿಂದ ಮನೆ ಬಿಡುತ್ತದಲ್ಲ ಎಂದು ಅಳು ಬಂತು.

ಭಾನುವಾರ ಬೆಳಿಗ್ಗೆ ಒಡೆದ ಲೈಟಿಗೆ ಟೇಪ್ ಸುತ್ತಿಕೊಂಡು ಇಬ್ಬರೂ ಹೊರಟೆವು. ರಿಂಗ್ ರೋಡಿನಾಚೆ ಇಮ್ತಿಯಾಜ್ ಭಾಯ್ ಅವರ ಗುಜರಿ ಅಂಗಳ.

ಒಳಗೆ ಕಾಲಿಟ್ಟೆವು ನೋಡಿ...

ಸಾಲುಸಾಲು ಹಳೇ ಕಾರುಗಳು! ಬಾನೆಟ್ ಇಲ್ಲದವು, ಬಾಗಿಲಿಲ್ಲದವು, ಹೊಟ್ಟೆಯೊಳಗೆ ತುಂಬೆಗಿಡ ಬೆಳೆಸಿಕೊಂಡವು. ಒಂದು ಜೀಪಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು.

ಮಾವನ ನಡಿಗೆಯೇ ಬದಲಾಯಿತು. ಪಂಚೆ ಎತ್ತಿ ಕಟ್ಟಿ ಒಂದೊಂದು ಕಾರಿನ ಹತ್ತಿರ ಹೋಗಿ ಬೆರಳಿಂದ ಧೂಳು ಒರೆಸಿ ಬಣ್ಣ ನೋಡತೊಡಗಿದರು. ಇದು ಒರಿಜಿನಲ್ ಪೇಂಟು, ಇದು ಆಮೇಲೆ ಬಳಿದದ್ದು, ಈ ಹಸಿರು ಈಗ ಎಲ್ಲೂ ಸಿಗಲ್ಲ ಎಂದು ನನಗೆ ಪಾಠ. ಒಂದರ ಸ್ಟೀರಿಂಗ್ ಹಿಡಿದು ಕೂತೇಬಿಟ್ಟರು. ಚಕ್ರಗಳೇ ಇಲ್ಲ, ಇವರು ಗೇರ್ ಹಾಕುತ್ತಿದ್ದಾರೆ!

ನಾನು ನಕ್ಕು ನಕ್ಕು ಸುಸ್ತಾದೆ. ಆದರೆ ಬಂದ ಕೆಲಸ ನೆನಪಾದಾಗಲೆಲ್ಲ ಟೇಪ್ ಸುತ್ತಿದ ನಮ್ಮ ಲೈಟಿನ ಕಡೆಗೇ ಕಣ್ಣು ಹೋಗುತ್ತಿತ್ತು.

ಕೊನೆಗೆ ಭಾಯ್ ಅವರ ಶೆಡ್ಡಿಗೆ ಹೋದೆವು. ಅಲ್ಲಿ ಗೋಡೆಯುದ್ದದ ಶೆಲ್ಫ್. ಅದರ ತುಂಬ ಗಣಪತಿ, ಚಾಮುಂಡಿ, ವೆಂಕಟರಮಣ, ಗಾಜಿನ ಗೋಲಿಯೊಳಗಿನ ಮೇರಿಯಮ್ಮ, ಪುಟ್ಟ ಬುದ್ಧ, 786 ಬರೆದ ಫಲಕ... ಬಿಸಿಲಿಗೆ ಬಣ್ಣ ಮಾಸಿದ ನೂರಾರು ದೇವರುಗಳು. ಒಂದರ ಮೇಲೂ ಧೂಳಿಲ್ಲ. ಎಲ್ಲವೂ ಗುಜರಿಗೆ ಬಂದ ಗಾಡಿಗಳ ಡ್ಯಾಶ್‌ಬೋರ್ಡಿನವಂತೆ.

ಮಾವ ರೇಟ್ ಕೇಳುವ ಮೊದಲೇ ಭಾಯ್ ಒಂದು ಷರತ್ತು ಹೇಳಿದರು. "ನಮ್ಮ ಅಬ್ಬಾ ಕಾಲದಿಂದ ಒಂದು ಪದ್ಧತಿ ಯಜಮಾನ್ರೇ. ದೇವ್ರು ಕೂತಿರೋ ಗಾಡಿಗೆ ನಾವು ಕಟರ್ ಹಾಕಲ್ಲ. ಗಾಡಿ ಯಾರ್ದೋ ಅವ್ರೇ ಕೈಯಾರೆ ಇಳಿಸ್ಕೊಡಬೇಕು. ಹೋಗಿ ಇಳಿಸ್ಕೊಂಡು ಬನ್ನಿ, ಆಮೇಲೆ ರೇಟ್ ಮಾತಾಡೋಣ."

ನಮ್ಮ ಕಾರಿನಲ್ಲೂ ಒಬ್ಬ ಗಣಪ ಇದ್ದಾನೆ. ಕಾರು ಕೊಂಡ ದಿನ ಮಾವನೇ ಅಂಟಿಸಿದ್ದು.

ಮಾವ ಒಬ್ಬರೇ ಕಾರಿನ ಹತ್ತಿರ ಹೋದರು. ನಾನು ದೂರದಿಂದ ನೋಡುತ್ತಿದ್ದೇನೆ. ಬಾಗಿಲು ತೆಗೆದರು. ಕೂತರು. ಕೈ ಚಾಚಿದರು...

ಕೈ ಅಲ್ಲೇ ನಿಂತಿತು.

ಹೆಗಲ ಮೇಲಿನ ಟವೆಲ್ ತೆಗೆದು ಗಣಪನ ಮುಖ ಒರೆಸಿದರು. ಕಿವಿ ಒರೆಸಿದರು. ಸೊಂಡಿಲಿನ ಸಂದಿಯಲ್ಲಿದ್ದ ಹಬ್ಬದ ಕುಂಕುಮ ಒರೆಸಲಿಲ್ಲ.

ಐದು ನಿಮಿಷವಾದ ಮೇಲೆ ಬರಿಗೈಯಲ್ಲಿ ವಾಪಸ್ ಬಂದರು. ನನ್ನ ಮುಖ ನೋಡದೆ ಭಾಯ್ ಅವರನ್ನು ಕೇಳಿದರು:

"ಅಂಬಾಸಿಡರ್ದು ಹಿಂದಿನ ಲೈಟ್ ಇದ್ಯಾ?"

ನನಗೆ ಕುಣಿಯುವಷ್ಟು ಖುಷಿ! ಭಾಯ್ ಗಡ್ಡದೊಳಗೇ ನಕ್ಕರು. "ಸುಮಾರು ಜನ ಹಿಂಗೇ ವಾಪಸ್ ಬರ್ತಾರೆ ಬುಡಿ. ಹಂಗೇ ಆಗ್ಲಿ ಅಂತ್ಲೇ ಅಬ್ಬಾ ಈ ಪದ್ಧತಿ ಇಟ್ಟಿರೋದು ಅನ್ಸುತ್ತೆ."

ಮಾವ ಮೆಚ್ಚಿಕೊಂಡಿದ್ದ ಆ ಹಸಿರು ಕಾರೂ ಅಂಬಾಸಿಡರ್ರೇ. ಅದರ ಲೈಟ್ ಒಂದು ಗೀರೂ ಇಲ್ಲದೆ ಉಳಿದಿತ್ತು. ಬಿಚ್ಚುವ ಮೊದಲು ಮಾವ ಶೆಲ್ಫಿನಲ್ಲಿ ಆ ಕಾರಿನ ದೇವರು ಯಾವುದೆಂದು ಕೇಳಿ, ಪುಟ್ಟ ಚಾಮುಂಡಿಗೆ ಕೈ ಮುಗಿದು ಬಂದರು. ಒಂದು ಲೈಟಿಗೆಂದು ನಿಂತವರು ಹಾರನ್, ಎರಡು ವೈಪರ್, ಒಂದು ಗೇರ್ ನಾಬ್ ಕೂಡ ಹೊತ್ತುಕೊಂಡರು. ಅತ್ತೆಗೆ ಏನು ಹೇಳಬೇಕೆಂದು ದಾರಿಯಲ್ಲಿ ಇಬ್ಬರೂ ಸೇರಿ ಯೋಚಿಸಿದೆವು.

ಈಗ ಲೈಟು ಉರಿಯುತ್ತಿದೆ. ಮಾವ ದಿನಕ್ಕೆರಡು ಸಲ ಬ್ರೇಕ್ ಒತ್ತಿ, "ಬಂತೇನಮ್ಮ?" ಎಂದು ಕೇಳುತ್ತಾರೆ. "ಬಂತು ಮಾವ" ಎಂದು ಕೂಗುವುದು ನನ್ನ ಕೆಲಸ. ಮುಂದಿನ ವರ್ಷ ಹಬ್ಬದ ಹಿಂದಿನ ದಿನವೇ ಹಗ್ಗ ಕತ್ತರಿಸಿಡುವುದೂ ನನ್ನದೇ.

ನಿಮ್ಮ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಯಾರು ಕೂತಿದ್ದಾರೆ, ಅವರನ್ನು ಕೈಯಾರೆ ಇಳಿಸಿ ಅಂದರೆ ನಿಮಗೆ ಮನಸ್ಸು ಬಂದೀತಾ?